ಎದೆಯ ಶಸ್ತ್ರಚಿಕಿತ್ಸೆಯೂ ಕಡೂರು ಸೀಮೆಯೂ

ಇಂದು ಚಿಕ್ಕಮಗಳೂರು ಜಿಲ್ಲೆಯೆಂದು ಕರೆಯಲ್ಪಡುವ ನಾಡಿಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಯೆಂಬುದೇ ಹೆಸರಾಗಿದ್ದಿತು. ೧೮೬೫ರಲ್ಲಿ ಜಿಲ್ಲಾ ಕಚೇರಿಗಳು ಕಡೂರನ್ನು ಬಿಟ್ಟು ಚಿಕ್ಕಮಗಳೂರಿಗೆ ಹೋದರೂ ಹೆಸರು ಮಾತ್ರ ಮುಂದೆ ಬಹುಕಾಲ ಹಳೆಯ ಊರಿಗೇ ಅಂಟಿಕೊಂಡಿದ್ದಿತು. ಈ ಸೀಮೆಯ ಮೂರು ಪಟ್ಟಣಗಳಾದ ಕಡೂರು, ತರೀಕೆರೆ, ಅಜ್ಜಂಪುರಗಳು ಮಲೆನಾಡಿಗೂ ಬಯಲುನಾಡಿಗೂ ನಡುವಣ ಹೊಸ್ತಿಲಿನಂತೆ ಇರುತ್ತವೆ. ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ ಮತ್ತು ಅಮೃತಮಹಲ್ ದನಗಳು ನಾಡಿನವರಿಗೆಲ್ಲ ಪರಿಚಿತವಾದುವು. ಈ ಊರುಗಳ ಪಾಳೆಯಗಾರರ ಚರಿತ್ರೆಯನ್ನೂ ದೇವಾಲಯಗಳ ಶಾಸನಗಳನ್ನೂ ಬಲ್ಲವರು ಬಹುಮಂದಿ ಬರೆದಿರುತ್ತಾರೆ. ಇಲ್ಲಿಯ ಜನರ ದೇಹಕ್ಕೂ ಒಂದು ಚರಿತ್ರೆಯುಂಟು. ಯಾವ ರೋಗಕ್ಕೆ ಅವರು ಅಂಜಿದರು, ಯಾವ ವೈದ್ಯನನ್ನು ಅರಸಿ ಎಷ್ಟು ದೂರ ಹೋದರು ಎಂಬುದು ಆ ಚರಿತ್ರೆ. ಅದರೊಳಗಿನ ಒಂದು ಅಧ್ಯಾಯವು ಇಲ್ಲಿ ವಿಚಾರಣೀಯವು.

೧೮೮೦ರ ದಶಕವು ಮುಗಿಯುವಷ್ಟರಲ್ಲಿ ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ಉಗಿಬಂಡಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಓಡಲಾರಂಭಿಸಿತು. ೧೮೯೯ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ಕವಲುದಾರಿಯು ತೆರೆಯಲು ತರೀಕೆರೆಗೂ ರೈಲು ಬಂದಿತು. ಜಿಲ್ಲೆಯ ಮುಖ್ಯಪಟ್ಟಣವು ರೈಲನ್ನು ಕಂಡುದು ೨೦೧೩ರಲ್ಲಿ. ಅದಕ್ಕೆ ನೂರು ವರ್ಷಗಳಿಗೂ ಹಿಂದೆಯೇ ಈ ಮೂರು ಊರುಗಳ ರೋಗಿಗಳಿಗೆ ರಾಜಧಾನಿಯ ದಾರಿಯು ತೆರೆದಿದ್ದಿತು. ೧೯೦೦ರಲ್ಲಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ಪ್ರಾರಂಭವಾಗಲು, ಕಂಬಳಿ ಹೊದಿಸಿದ ರೋಗಿಯನ್ನು ಮೂರನೆಯ ತರಗತಿಯ ಹಲಗೆಯ ಮೇಲೆ ಮಲಗಿಸಿಕೊಂಡು ಹೋಗುವ ಯಾತ್ರೆಗಳು ಮೊದಲಾದುವು.

ಆ ಕಾಲದಲ್ಲಿ ಇಲ್ಲಿಯವರನ್ನು ಹಣ್ಣುಮಾಡುತ್ತಿದ್ದುದು ಮಲೆನಾಡಿನ ಚಳಿಜ್ವರ. ಎದೆಯ ರೋಗವೆಂದರೆ ಕ್ಷಯ. ಕಫದಲ್ಲಿ ರಕ್ತವು ಕಂಡಿತೆಂದರೆ ಮನೆಯವರು ಬೇರೊಂದು ರೋಗವನ್ನು ಊಹಿಸುತ್ತಿರಲಿಲ್ಲ. ಕ್ಷಯವು ಅರಮನೆಯನ್ನೂ ಬಿಟ್ಟುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗ ಚಿಕಿತ್ಸಾಲಯವು ಸ್ಥಾಪಿತವಾದುದು ಆ ವ್ಯಥೆಯ ಸ್ಮಾರಕವಾಗಿಯೇ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ಪೂರ್ಣ ವಿಶ್ರಾಂತಿ, ಇವಿಷ್ಟೇ ಆಗಿನ ಔಷಧ. ಸಂಸ್ಥಾನದ ಹೊರಗೆ ಮದನಪಲ್ಲಿಯ ಬಳಿ ೧೯೧೫ರಲ್ಲಿ ಆರಂಭವಾದ ಆರೋಗ್ಯವರವೆಂಬ ಚಿಕಿತ್ಸಾಲಯವೂ ದಕ್ಷಿಣದೇಶದಲ್ಲೆಲ್ಲ ಹೆಸರು ಪಡೆದಿದ್ದಿತು.

ಹೊಟ್ಟೆಯನ್ನು ಕೊಯ್ದು ಹೊಲಿಯುವ ಶಸ್ತ್ರವೈದ್ಯನು ಎದೆಯನ್ನು ಮುಟ್ಟಲು ಬಹುಕಾಲ ಹೆದರಿದನು. ಇದಕ್ಕೆ ಕಾರಣವು ಸ್ಪಷ್ಟವಾದುದು. ಎದೆಗೂಡಿನೊಳಗೆ ಗಾಳಿಯ ಒತ್ತಡವು ಹೊರಗಿನದಕ್ಕಿಂತ ಕಡಿಮೆಯಾಗಿರುವುದರಿಂದ ಶ್ವಾಸಕೋಶವು ಅರಳಿ ನಿಂತಿರುತ್ತದೆ. ಪಕ್ಕೆಲುಬುಗಳ ನಡುವೆ ಬಾಗಿಲು ತೆರೆದೊಡನೆ ಹೊರಗಾಳಿಯು ನುಗ್ಗಿ, ಅದು ಗಾಳಿ ಹೋದ ತಿದಿಯಂತೆ ಕುಸಿಯುವುದು. ರೋಗಿಯು ಮೇಜಿನ ಮೇಲೆಯೇ ಉಸಿರುಗಟ್ಟುವನು. ೧೯೦೪ರಲ್ಲಿ ಜರ್ಮನಿಯ ಸೌವರ್‌ಬ್ರೂಖ್ ಎಂಬ ವೈದ್ಯನು ಒತ್ತಡವನ್ನು ತಗ್ಗಿಸಿದ ಕೋಣೆಯೊಂದನ್ನು ಕಟ್ಟಿಸಿ, ರೋಗಿಯ ತಲೆಯನ್ನು ಮಾತ್ರ ಹೊರಗಿರಿಸಿ ಕೆಲಸ ಮಾಡಿದನು. ತರುವಾಯ ಶ್ವಾಸನಾಳದೊಳಗೆ ಕೊಳವೆಯನ್ನಿಳಿಸಿ ಗಾಳಿಯನ್ನೂದುವ ಸುಲಭೋಪಾಯವು ಬಂದಿತು. ಕ್ಷಯದ ರೋಗಿಗಳ ಪಕ್ಕೆಲುಬುಗಳನ್ನು ತೆಗೆದು ಹುಣ್ಣಾದ ಭಾಗವನ್ನು ಕುಗ್ಗಿಸುವ ಕ್ರಮವು ವೈದ್ಯರಿಗೆ ಎದೆಯ ಒಳದಾರಿಗಳನ್ನು ಕಲಿಸಿತು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಮೊದಲ ಪೀಠವಾದುದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಮೆರಿಕದಿಂದ ಬಂದ ಡಾಕ್ಟರ್ ರೀವ್ ಬೆಟ್ಸ್ ಎಂಬವರು ೧೯೪೦ರ ದಶಕದ ಕೊನೆಯಲ್ಲಿ ಅಲ್ಲಿ ಎದೆಯ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಕಟ್ಟಿದರು.

ಅಷ್ಟರಲ್ಲಿ ಪಶ್ಚಿಮದೇಶಗಳಲ್ಲಿ ಎದೆಗೆ ಬೇರೊಂದು ಶತ್ರುವು ಹುಟ್ಟಿದ್ದಿತು. ೧೯೩೩ನೆಯ ಏಪ್ರಿಲ್ ೫ರಂದು ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಡಾಕ್ಟರ್ ಎವರ್ಟ್ಸ್ ಗ್ರಹಾಂ, ಜೇಮ್ಸ್ ಗಿಲ್ಮೋರ್ ಎಂಬ ಇನ್ನೊಬ್ಬ ವೈದ್ಯರ ಎಡ ಶ್ವಾಸಕೋಶವನ್ನು ಸಂಪೂರ್ಣವಾಗಿ ತೆಗೆದರು. ಒಂದು ಹಾಲೆಯನ್ನು ತೆಗೆಯಬೇಕೆಂದು ಎದೆಯನ್ನು ತೆರೆದಾಗ ಕ್ಯಾನ್ಸರ್ ಗಂಟು ಮುಖ್ಯ ಶ್ವಾಸನಾಳದವರೆಗೆ ಹಬ್ಬಿದ್ದುದು ಕಂಡುಬಂದಿತು. ಆದಕಾರಣ ಅಲ್ಲಿಯೇ ನಿಶ್ಚಯಿಸಿ ಇಡಿಯ ಶ್ವಾಸಕೋಶವನ್ನೇ ತೆಗೆಯಬೇಕಾಯಿತು. ಗಿಲ್ಮೋರ್ ಮತ್ತೆ ತಮ್ಮ ವೃತ್ತಿಗೆ ಮರಳಿ ಇನ್ನು ಮೂವತ್ತು ವರ್ಷ ಬದುಕಿದರು. ಈ ರೋಗಕ್ಕೆ ತಂಬಾಕೇ ಕಾರಣವೆಂಬ ಮಾತನ್ನು ಗ್ರಹಾಂ ಮೊದಲು ನಂಬಲಿಲ್ಲ. ಅವರು ಸ್ವತಃ ವಿಪರೀತವಾಗಿ ಸಿಗರೇಟು ಸೇದುತ್ತಿದ್ದರು. ವಿಂಡರ್ ಎಂಬ ತರುಣ ವಿದ್ಯಾರ್ಥಿಯೊಡನೆ ೬೮೪ ರೋಗಿಗಳ ವೃತ್ತಾಂತವನ್ನು ಸಂಗ್ರಹಿಸಿ ೧೯೫೦ರಲ್ಲಿ ಪ್ರಕಟಿಸಿದ ಮೇಲೆ ಅವರ ಸಂಶಯವು ನೀಗಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್ ಎಂಬವರೂ ಅದೇ ನಿರ್ಣಯಕ್ಕೆ ಬಂದರು. ಗ್ರಹಾಂ ತಂಬಾಕನ್ನು ತ್ಯಜಿಸಿದರು. ಆದರೆ ಕಾಲವು ಮಿಂಚಿಹೋಗಿದ್ದಿತು. ತಾವು ಮೊಟ್ಟಮೊದಲು ಯಶಸ್ವಿಯಾಗಿ ಎದುರಿಸಿದ ರೋಗಕ್ಕೇ ಅವರು ೧೯೫೭ರಲ್ಲಿ ಬಲಿಯಾದರು.

ಇತ್ತ ಹೃದಯದ ಚಿಕಿತ್ಸೆಯೂ ತನ್ನದೇ ದಾರಿಯಲ್ಲಿ ನಡೆಯುತ್ತಿದ್ದಿತು. ೧೯೫೩ರಲ್ಲಿ ಗಿಬ್ಬನ್ ಎಂಬವರು ಹೃದಯ ಶ್ವಾಸಕೋಶಗಳೆರಡರ ಕೆಲಸವನ್ನೂ ಕೆಲಹೊತ್ತು ತಾನೇ ವಹಿಸಿಕೊಳ್ಳುವ ಯಂತ್ರವನ್ನು ಮನುಷ್ಯನ ಮೇಲೆ ಯಶಸ್ವಿಯಾಗಿ ಪ್ರಯೋಗಿಸಿದರು. ೧೯೬೪ರಲ್ಲಿ ಲೆನಿನ್‌ಗ್ರಾಡಿನ ಕೊಲೆಸೊವ್, ಎದೆಗೂಡಿನ ಒಳಮೈಯಲ್ಲಿ ಹರಿಯುವ ಧಮನಿಯನ್ನು ಬಿಡಿಸಿ ಹೃದಯದ ರಕ್ತನಾಳಕ್ಕೆ ಕೂಡಿಸಿದರು. ೧೯೬೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ರೆನೆ ಫವಲೋರೊ ಎಂಬವರು ಕಾಲಿನ ರಕ್ತನಾಳವನ್ನು ತೆಗೆದು ಹೃದಯಕ್ಕೆ ಬಳಸುದಾರಿಯನ್ನು ಮಾಡುವ ಕ್ರಮವನ್ನು ರೂಢಿಗೆ ತಂದರು. ಫವಲೋರೊ ಅರ್ಜೆಂಟೀನ ದೇಶದವರು. ಕ್ಲೀವ್‌ಲೆಂಡಿಗೆ ಹೋಗುವ ಮೊದಲು ಹನ್ನೆರಡು ವರ್ಷಕಾಲ ಧೂಳು ತುಂಬಿದ ಒಂದು ಸಣ್ಣ ಹಳ್ಳಿಯಲ್ಲಿ ವೈದ್ಯರಾಗಿದ್ದವರು. ಕಾಲುವೆಯು ಹೂಳು ತುಂಬಿ ಕಟ್ಟಿಹೋದ ಎಡೆಯಲ್ಲಿ, ಮೇಲುಗಡೆಯಿಂದ ಬೇರೊಂದು ಕಾಲುವೆಯನ್ನು ತೋಡಿ ತೋಟಕ್ಕೆ ನೀರು ಹಾಯಿಸುವುದನ್ನು ಅಯ್ಯನಕೆರೆಯ ಕೆಳಗಣ ಒಕ್ಕಲಿಗನು ಚೆನ್ನಾಗಿ ಬಲ್ಲನು. ಬೈಪಾಸ್ ಎಂಬ ಶಸ್ತ್ರಚಿಕಿತ್ಸೆಯ ತತ್ತ್ವವೂ ಇಷ್ಟೇ ಆಗಿರುತ್ತದೆ.

ಭಾರತದಲ್ಲಿ ಈ ಚಿಕಿತ್ಸೆಯು ಮೊದಲು ನಡೆದುದು ೧೯೭೫ರಲ್ಲಿ, ಮದರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ. ನಡೆಯಿಸಿದವರು ಡಾಕ್ಟರ್ ಕೆ. ಎಂ. ಚೆರಿಯನ್. ಈ ಸಂಗತಿಗೂ ಕಡೂರು ಸೀಮೆಗೂ ಒಂದು ನಂಟುಂಟು. ಮೈಸೂರು ಸಂಸ್ಥಾನದ ರೈಲ್ವೆಯು ೧೯೫೧ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿಹೋಗಿದ್ದುದರಿಂದ ಪೆರಂಬೂರಿನ ಆಸ್ಪತ್ರೆಯು ಆ ರೈಲ್ವೆಯ ಕೇಂದ್ರ ಆಸ್ಪತ್ರೆಯಾಗಿದ್ದಿತು. ಬೀರೂರಿನ ಕೂಡುನಿಲ್ದಾಣದಲ್ಲಿ ಕೈಮರ ಎತ್ತುತ್ತಿದ್ದವನೂ ಅದೇ ರೈಲ್ವೆಯ ನೌಕರನು. ದೇಶದ ಶ್ರೀಮಂತರು ವಿದೇಶಕ್ಕೆ ಹೋಗಿ ಪಡೆಯುತ್ತಿದ್ದ ಚಿಕಿತ್ಸೆಯು ನಮ್ಮ ದೇಶದಲ್ಲಿ ಮೊದಲು ಬೇರೂರಿದುದು ರೈಲ್ವೆ ಕಾರ್ಮಿಕರ ಆಸ್ಪತ್ರೆಯಲ್ಲಿಯೆಂಬುದು ಸ್ಮರಣೀಯವು.

ಆ ದಶಕದಲ್ಲಿಯೇ ಬೆಂಗಳೂರಿನಲ್ಲಿ ಎರಡು ಸಂಸ್ಥೆಗಳು ತಲೆಯೆತ್ತಿದುವು. ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಕ್ಯಾನ್ಸರ್ ಸಂಸ್ಥೆಯು ೧೯೭೩ರಲ್ಲಿ ಪ್ರಾರಂಭವಾಗಿ ೧೯೮೦ರಲ್ಲಿ ಸ್ವಾಯತ್ತತೆಯನ್ನು ಪಡೆಯಿತು. ಎರಡನೆಯದು, ಚಿತ್ರದುರ್ಗದ ಬೃಹನ್ಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತ ಹೃದ್ರೋಗ ಸಂಸ್ಥೆ. ಇದು ಮೊದಲು ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿದ್ದು, ತರುವಾಯ ಬನ್ನೇರುಘಟ್ಟ ರಸ್ತೆಯ ಸ್ವಂತ ಕಟ್ಟಡಕ್ಕೆ ಹೋಯಿತು. ಚಿತ್ರದುರ್ಗದ ಗಡಿಗೆ ತಾಗಿಕೊಂಡಿರುವ ಅಜ್ಜಂಪುರದ ಕಡೆಯವರಿಗೆ ಆ ಹೆಸರು ಹೊಸದಲ್ಲ. ಕಿದ್ವಾಯಿ ಸಂಸ್ಥೆಯಿಂದ ಜಯದೇವಕ್ಕೆ ಇರುವ ಅಂತರವು ಒಂದೆರಡು ಮೈಲಿಗಳಷ್ಟು ಮಾತ್ರ. ಆದರೂ ಬಹುಕಾಲದವರೆಗೆ ಒಂದರ ಬಾಗಿಲಿಗೆ ಹೋದವನು ಇನ್ನೊಂದರ ಬಾಗಿಲಿಗೂ ಹೋಗಬೇಕಾಗುವುದು ಅಪರೂಪವಾಗಿದ್ದಿತು. ಹೃದಯವು ಕೆಟ್ಟವನು ಕ್ಯಾನ್ಸರ್ ಬರುವವರೆಗೆ ಬದುಕುತ್ತಿರಲಿಲ್ಲ. ಕ್ಯಾನ್ಸರ್ ಬಂದವನ ಹೃದಯವನ್ನು ವಿಚಾರಿಸುವ ಹೊತ್ತಿಗೆ ಅವನೇ ಉಳಿಯುತ್ತಿರಲಿಲ್ಲ.

ಹೀಗಿರಲು, ಬಡವನಿಗೂ ಎದೆಯ ಶಸ್ತ್ರಚಿಕಿತ್ಸೆಯು ಕೈಗೆಟುಕುವ ಕಾಲವು ಬಂದಿತು. ೨೦೦೩ರಲ್ಲಿ ಯಶಸ್ವಿನಿ ಯೋಜನೆಯು ಜಾರಿಗೆ ಬಂದಾಗ ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ ೫ ರೂಪಾಯಿಯ ಲೆಕ್ಕದಲ್ಲಿ ವಂತಿಗೆ ತೆತ್ತು ದೊಡ್ಡ ಶಸ್ತ್ರಚಿಕಿತ್ಸೆಗಳಿಗೆ ಅರ್ಹನಾದನು. ೨೦೧೦ರಲ್ಲಿ ಕಲಬುರ್ಗಿ ವಿಭಾಗದಲ್ಲಿ ಮೊದಲಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಕ್ರಮೇಣ ಇತರ ವಿಭಾಗಗಳಿಗೂ ಹಬ್ಬಿ, ಬಡತನದ ರೇಖೆಯ ಕೆಳಗಿನವರಿಗೆ ಹೃದಯ ಮತ್ತು ಕ್ಯಾನ್ಸರ್ ರೋಗಗಳೆರಡರ ವೆಚ್ಚವನ್ನೂ ವಹಿಸಿಕೊಂಡಿತು. ೨೦೧೮ರಲ್ಲಿ ಇವು ಆರೋಗ್ಯ ಕರ್ನಾಟಕವೆಂಬ ಒಂದೇ ಹೆಸರಿನೊಳಗೆ ಸೇರಿ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡುವು. ಯಶಸ್ವಿನಿಯು ೨೦೨೨ರಲ್ಲಿ ಮರಳಿ ಪ್ರತ್ಯೇಕವಾಯಿತು. ಈ ಎರಡು ದಶಕಗಳಲ್ಲಿ ಎದೆಯ ನಡುವೆ ಉದ್ದವಾದ ಹೊಲಿಗೆಯ ಗುರುತುಳ್ಳವರು ಹಳ್ಳಿಹಳ್ಳಿಯ ಅರಳಿಕಟ್ಟೆಗಳಲ್ಲಿ ಕಾಣಬರತೊಡಗಿದರು. ಅವರು ಹತ್ತು, ಹದಿನೈದು, ಇಪ್ಪತ್ತು ವರ್ಷ ಬದುಕಿದರು. ಅವರಲ್ಲಿ ಅನೇಕರ ಹೃದಯವನ್ನು ಕೆಡಿಸಿದ ಬೀಡಿಯು ಅವರ ಶ್ವಾಸಕೋಶದಲ್ಲಿಯೂ ತನ್ನ ಬೀಜವನ್ನು ಬಿತ್ತಿದ್ದಿತು. ಹೃದಯವು ಉಳಿದುದರಿಂದ ಆ ಬೀಜಕ್ಕೆ ಮೊಳೆಯಲು ಕಾಲವು ದೊರೆಯಿತು. ಒಂದು ವಿದ್ಯೆಯ ಜಯವು ಇನ್ನೊಂದು ವಿದ್ಯೆಗೆ ಸಮಸ್ಯೆಯಾದುದು ಹೀಗೆ.

ಸಮಸ್ಯೆಯ ಸ್ವರೂಪವನ್ನು ಅರಿಯಬೇಕಾದರೆ ಎದೆಯೊಳಗಣ ಸ್ಥಳವನ್ನು ಕೊಂಚ ತಿಳಿಯಬೇಕು. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದಕ್ಕೆ ಎರಡು. ಎದೆಮೂಳೆಯ ಎರಡು ಪಕ್ಕಗಳಲ್ಲಿಯೂ ಒಳಗಡೆ ಒಂದೊಂದು ಸಣ್ಣ ಧಮನಿಯು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಇವುಗಳಲ್ಲಿ ಎಡಗಡೆಯದನ್ನು ಬಿಡಿಸಿ ಹೃದಯದ ಮುಂಭಾಗದ ಮುಖ್ಯ ರಕ್ತನಾಳಕ್ಕೆ ಹೊಲಿದರೆ ಕಾಲಿನ ರಕ್ತನಾಳಕ್ಕಿಂತ ಬಹುಕಾಲ ಬಾಳುವುದೆಂದು ಕ್ಲೀವ್‌ಲೆಂಡಿನ ವೈದ್ಯರು ೧೯೮೬ರಲ್ಲಿ ಪ್ರಕಟಿಸಿದರು. ಅಂದಿನಿಂದ ಬೈಪಾಸ್ ಮಾಡುವವರೆಲ್ಲರೂ ಸಾಮಾನ್ಯವಾಗಿ ಆ ಧಮನಿಯನ್ನೇ ಆಶ್ರಯಿಸುತ್ತಾರೆ. ಅದು ಎದೆಗೂಡಿನ ಮೇಲುಭಾಗದಿಂದ ಇಳಿದು, ಎಡ ಶ್ವಾಸಕೋಶದ ಮೇಲಿನ ಹಾಲೆಯ ಮಗ್ಗುಲಲ್ಲಿ ಹಾದು, ಹೃದಯಾವರಣವನ್ನು ಹೊಕ್ಕು ಹೃದಯವನ್ನು ಸೇರುತ್ತದೆ. ಗಾಯವು ಮಾಯುವಾಗ ಹಾಲೆಯು ಈ ಧಮನಿಗೆ ಅಂಟಿಕೊಳ್ಳುವುದುಂಟು. ಕೆಲವು ವರ್ಷಗಳ ಮೇಲೆ ಅದೇ ಹಾಲೆಯಲ್ಲಿ ಕ್ಯಾನ್ಸರ್ ಹುಟ್ಟಿ, ಅದನ್ನು ತೆಗೆಯಬೇಕಾಗಿ ಬಂದಿತೆಂದು ಭಾವಿಸೋಣ. ಅಂಟಿದುದನ್ನು ಬಿಡಿಸುವಾಗ ಕತ್ತರಿಯು ಧಮನಿಗೆ ತಗುಲಿದರೆ, ರೋಗಿಯ ಜೀವವು ಯಾವುದನ್ನು ನಂಬಿಕೊಂಡು ಇಷ್ಟು ವರ್ಷ ನಡೆದಿದ್ದಿತೋ ಆ ರಕ್ತದ ದಾರಿಯೇ ಕಡಿದುಹೋಗುವುದು. ಮೇಜಿನ ಮೇಲೆಯೇ ಹೃದಯಾಘಾತವಾಗುವುದು.

ಬಲಗಡೆಯ ಶ್ವಾಸಕೋಶದಲ್ಲಿ ಗಂಟಿದ್ದರೆ ಈ ಭಯವು ಸಾಮಾನ್ಯವಾಗಿ ಕಡಿಮೆ. ಆದರೂ ಇತರ ಕಷ್ಟಗಳು ತಪ್ಪವು. ಹಾಲೆಯನ್ನು ತೆಗೆದ ಮೇಲೆ ಉಳಿದ ಶ್ವಾಸಕೋಶಕ್ಕೆ ರಕ್ತವನ್ನು ತಳ್ಳುವ ಶ್ರಮವು ಹೃದಯಕ್ಕೆ ಹೆಚ್ಚುತ್ತದೆ. ರಕ್ತವು ಹೆಪ್ಪುಗಟ್ಟದಂತೆ ಕೊಡುವ ಔಷಧಗಳನ್ನು ನಿಲ್ಲಿಸಿದರೆ ಬಳಸುದಾರಿಯು ಮುಚ್ಚಬಹುದು, ಮುಂದುವರಿಸಿದರೆ ರಕ್ತಸ್ರಾವವಾಗಬಹುದು. ಈ ಕಾರಣಗಳಿಂದ, ಬೈಪಾಸ್ ಆದವನಿಗೆ ಶ್ವಾಸಕೋಶದ ಶಸ್ತ್ರಚಿಕಿತ್ಸೆಯು ಸಲ್ಲದೆಂದು ಕೈಚೆಲ್ಲುವುದು ಒಂದು ಕಾಲಕ್ಕೆ ಸುಲಭವಾದ ಉತ್ತರವಾಗಿದ್ದಿತು.

ಕಳೆದ ಕೆಲವು ದಶಕಗಳಲ್ಲಿ ಲೋಕದ ನಾನಾ ಕಡೆಯ ಶಸ್ತ್ರವೈದ್ಯರು ತಮ್ಮ ಅನುಭವಗಳನ್ನು ಕೂಡಿಸಿ, ಆ ಉತ್ತರವು ಎಲ್ಲರಿಗೂ ಸಲ್ಲದೆಂದು ತೋರಿಸಿರುತ್ತಾರೆ. ಅವರು ಕಂಡುಕೊಂಡ ಉಪಾಯಗಳು ಸರಳವಾದುವು. ಮೊದಲನೆಯದು, ಹಿಂದಿನ ಬೈಪಾಸಿನ ವಿವರವನ್ನು ಓದದೆ ಮುಂದಕ್ಕೆ ಹೆಜ್ಜೆಯಿಡದಿರುವುದು. ಎರಡನೆಯದು, ಸಿ.ಟಿ. ಯಂತ್ರದಿಂದ ಧಮನಿಯ ದಾರಿಯನ್ನು ಮುಂಚಿತವಾಗಿ ಗುರುತಿಸಿಕೊಳ್ಳುವುದು, ಹೃದಯದ ಬಲವನ್ನೂ ಉಸಿರಿನ ಬಲವನ್ನೂ ಅಳೆಯುವುದು. ಮೂರನೆಯದೇ ಮುಖ್ಯವಾದುದು: ಕ್ಯಾನ್ಸರ್ ಗಂಟು ದೂರದಲ್ಲಿರುವುದಾದರೆ, ಹಾಲೆಯನ್ನು ಧಮನಿಯಿಂದ ಸಂಪೂರ್ಣವಾಗಿ ಬಿಡಿಸಲು ಹಟಮಾಡದೆ, ಶ್ವಾಸಕೋಶದ ಒಂದು ತೆಳುವಾದ ಪಟ್ಟಿಯನ್ನು ಧಮನಿಯ ಮೇಲೆಯೇ ಉಳಿಸಿ ಮಿಕ್ಕುದನ್ನು ತೆಗೆಯುವುದು. ನೆರೆಯವನ ಬದುವನ್ನು ಮುಟ್ಟದೆ ಒಂದು ಸಾಲು ಬಿಟ್ಟು ಉಳುವ ರೈತನ ವಿವೇಕದಂತಹುದು ಇದು.

ಎಷ್ಟು ತೆಗೆಯಬೇಕೆಂಬ ಪ್ರಶ್ನೆಗೂ ಚರಿತ್ರೆಯುಂಟು. ಗ್ರಹಾಂ ಇಡಿಯ ಶ್ವಾಸಕೋಶವನ್ನು ತೆಗೆದರು. ೧೯೫೦ರ ಸುಮಾರಿಗೆ ಒಂದು ಹಾಲೆಯನ್ನು ತೆಗೆದರೆ ಸಾಕೆಂಬ ಮತವು ಬಲವಾಯಿತು. ಅದಕ್ಕಿಂತ ಕಡಿಮೆ ತೆಗೆದರೆ ರೋಗವು ಮರಳುವುದು ಹೆಚ್ಚೆಂದು ೧೯೯೫ರಲ್ಲಿ ಅಮೆರಿಕದ ಪರೀಕ್ಷೆಯೊಂದು ತಿಳಿಸಿತು. ೨೦೨೨ರಲ್ಲಿ ಜಪಾನಿನ ವೈದ್ಯರು, ಗಂಟು ೨ ಸೆಂಟಿಮೀಟರಿಗೆ ಮೀರದೆ ಶ್ವಾಸಕೋಶದ ಅಂಚಿನಲ್ಲಿದ್ದರೆ ಹಾಲೆಯ ಒಂದು ಖಂಡವನ್ನು ಮಾತ್ರ ತೆಗೆದರೂ ಆಯುಷ್ಯಕ್ಕೆ ಕೊರತೆಯಿಲ್ಲವೆಂದು ಸಿದ್ಧಪಡಿಸಿದರು. ಪಕ್ಕೆಲುಬುಗಳನ್ನು ಅಗಲಿಸದೆ ಸಣ್ಣ ರಂಧ್ರಗಳ ಮೂಲಕ ನಡೆಯಿಸುವ ಶಸ್ತ್ರಚಿಕಿತ್ಸೆಯು ೧೯೯೦ರ ದಶಕದಿಂದ ರೂಢಿಗೆ ಬಂದಿರುತ್ತದೆ. ಕತ್ತಿಯನ್ನು ತಾಳಲಾರದವರಿಗೆ ಸಣ್ಣ ಗಂಟಿನ ಮೇಲೆ ಗುರಿಯಿಟ್ಟು ಹಾಯಿಸುವ ಕಿರಣಚಿಕಿತ್ಸೆಯೂ ಉಂಟು. ಹೃದಯವು ದುರ್ಬಲವಾದವನಿಗೆ ಇವೆಲ್ಲವೂ ಹೊಸ ಬಾಗಿಲುಗಳು.

ಆದರೆ ಗಂಟು ಸಣ್ಣದಾಗಿರುವಾಗಲೇ ಅದನ್ನು ಕಾಣಬೇಕಷ್ಟೆ. ಕಡೂರು ಸೀಮೆಯ ಹಳೆಯ ಚರಿತ್ರೆಯು ಅಡ್ಡಬರುವುದು ಇಲ್ಲಿಯೇ. ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾದ ಮೇಲೆ ಕ್ಷಯದ ಮಾತ್ರೆಗಳು ಹಳ್ಳಿಯ ಆಸ್ಪತ್ರೆಗಳಿಗೂ ತಲುಪಿದುವು. ಚಿಕಿತ್ಸಾಲಯಗಳ ಹಾಸಿಗೆಗಳ ಅವಶ್ಯಕತೆಯು ಕುಗ್ಗಿತು. ಅದು ಮಹೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಎದೆಯ ಚಿತ್ರದಲ್ಲಿ ನೆರಳು ಕಂಡರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಅದು ಕ್ಷಯವೇ ಎಂಬ ಹಳೆಯ ಊಹೆಯು ಜನರ ಮನಸ್ಸಿನಿಂದ ಹೋಗಲಿಲ್ಲ. ಕ್ಯಾನ್ಸರ್ ಆದವನು ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ನುಂಗಿ, ಗುಣಕಾಣದೆ ಕಡೆಗೆ ನಗರಕ್ಕೆ ಹೋಗುವಷ್ಟರಲ್ಲಿ ಗಂಟು ಶಸ್ತ್ರಕ್ಕೆ ಎಟುಕದಷ್ಟು ಹಬ್ಬಿರುವುದುಂಟು. ಹೆಚ್ಚು ಕಾಲ ಸಿಗರೇಟು ಸೇದಿದವರನ್ನು ಅಲ್ಪಕಿರಣದ ಸಿ.ಟಿ.ಯಿಂದ ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಈ ಕ್ಯಾನ್ಸರಿನ ಮರಣಗಳು ಐದರಲ್ಲಿ ಒಂದರಷ್ಟು ತಗ್ಗುವುವೆಂದು ೨೦೧೧ರಲ್ಲಿ ಅಮೆರಿಕದ ಮಹಾಪರೀಕ್ಷೆಯು ತೋರಿಸಿತು. ಕ್ಷಯದ ಕಲೆಗಳು ಎದೆಯಲ್ಲಿ ಸಾಮಾನ್ಯವಾಗಿರುವ ನಮ್ಮ ನಾಡಿಗೆ ಅದನ್ನು ಹಾಗೆಯೇ ತಂದು ನೆಡುವುದು ಸುಲಭವಲ್ಲ. ಆದರೂ ತಂಬಾಕು ಸೇದಿ ಬೈಪಾಸ್ ಮಾಡಿಸಿಕೊಂಡವನ ಕೆಮ್ಮನ್ನು ಮಾತ್ರೆಯಿಂದ ಮುಚ್ಚದೆ ಬೇಗನೆ ಪರೀಕ್ಷಿಸತಕ್ಕದ್ದೆಂಬುದಕ್ಕೆ ಮಹಾಯಂತ್ರಗಳು ಬೇಕಾಗುವುದಿಲ್ಲ, ನೆನಪು ಸಾಕು.

ನೆನಪಿನ ಮಾತು ಬಂದುದರಿಂದ ಒಂದು ಸಣ್ಣ ವಸ್ತುವನ್ನು ಹೇಳದೆ ಮುಗಿಸುವುದು ಯುಕ್ತವಲ್ಲ. ಅದು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದ. ಯಾವ ಧಮನಿಯನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹೊಲಿದರು, ಪುಪ್ಪುಸದ ಆವರಣವನ್ನು ತೆರೆದರೇ ಇಲ್ಲವೇ ಎಂಬುದು ಅದರಲ್ಲಿ ಒಂದೆರಡು ಸಾಲುಗಳಲ್ಲಿ ಬರೆದಿರುತ್ತದೆ. ಮನೆಗೆ ಬಂದವರಿಗೆ ಮಾತ್ರೆಗಳ ಚೀಟಿಯು ಮುಖ್ಯವಾಗಿ, ಈ ಹಾಳೆಯು ಅಟ್ಟವನ್ನೋ ಹಳೆಯ ಪೆಟ್ಟಿಗೆಯನ್ನೋ ಸೇರುತ್ತದೆ; ಮಳೆಗಾಲದಲ್ಲಿ ಗೆದ್ದಲು ಹಿಡಿಯುತ್ತದೆ. ಹದಿನೈದು ವರ್ಷಗಳ ಮೇಲೆ ಬೇರೆ ಊರಿನ ಬೇರೆ ವೈದ್ಯನು ಆ ಎದೆಯನ್ನು ಮತ್ತೆ ತೆರೆಯಬೇಕಾಗಿ ಬಂದಾಗ ಅವನು ಮೊದಲು ಕೇಳುವುದು ಆ ಎರಡು ಸಾಲುಗಳನ್ನೇ. ಈ ಸೀಮೆಯ ಹಿರಿಯರು ಜಮೀನಿನ ಪತ್ರಗಳನ್ನು ಅರಿಸಿನದ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲಿ ಇಡುತ್ತಿದ್ದರು. ಯಾವ ಬದು ಯಾರದು, ಯಾವ ಕಾಲುವೆಯ ನೀರು ಎತ್ತ ಹರಿಯತಕ್ಕದ್ದು ಎಂಬುದು ಮಕ್ಕಳ ಕಾಲಕ್ಕೆ ತಿಳಿಯಬೇಕಲ್ಲವೆ ಎಂದು. ಎದೆಯೊಳಗೆ ಹೊಸದಾಗಿ ತೋಡಿದ ಕಾಲುವೆಯ ಪತ್ರಕ್ಕೂ ಆ ಗೂಡಿನಲ್ಲಿ ಎಡೆಯಿರಬೇಕು.